ನೀರು ಏರಿದ ಗುರುತು

ಕೆರೆಯಂಗಳದ ಹುಳುಹುಪ್ಪಟೆಗಳು ಮುಖಂಡನನ್ನು ಆರಿಸಲು ಸೇರಿದ್ದವು. "ನನಗೆ ಮತ ಕೊಡಿ. ಇನ್ನು ಮಳೆ ನಾನು ಹೇಳಿದಷ್ಟೇ ಸುರಿಯುತ್ತದೆ" ಎಂದು ಕಪ್ಪೆ ಕೂಗಿತು. ಎಲ್ಲವೂ ಜೈಕಾರ ಹಾಕಿದವು.

ಹೋದ ವರ್ಷದ ನೆರೆಯಲ್ಲಿ ಮೊಟ್ಟೆಗಳನ್ನೆಲ್ಲ ಕಳೆದುಕೊಂಡಿದ್ದ ಇರುವೆ ಕೇಳಿತು: "ಕಪ್ಪೆರಾಯರೇ, ಹೋದ ಸಲ ನೀರು ಎಲ್ಲಿಯವರೆಗೆ ಏರಿತ್ತು?"

"ಅದನ್ನು ಯಾರು ನೋಡಿದರು ತಾಯಿ? ನಾನು ತೇಲುತ್ತಿದ್ದೆ."

ಎದುರಾಳಿಯಾಗಿ ನಿಂತಿದ್ದ ಬಸವನಹುಳುವನ್ನೂ ಇರುವೆ ಅದನ್ನೇ ಕೇಳಿತು.

"ಮಳೆ ನನ್ನ ಮಾತು ಕೇಳುವುದಿಲ್ಲಮ್ಮ. ನೀರು ಆ ಹೊಂಗೆಮರದ ಮೊದಲ ಕವಲು ಮುಟ್ಟಿತ್ತು. ಅದಕ್ಕಿಂತ ಮೇಲೆ ಹತ್ತಿ ನೋಡಿ ಬಂದಿದ್ದೇನೆ. ನನ್ನ ಲೋಳೆಯ ಗೆರೆ ಇನ್ನೂ ಹೊಳೆಯುತ್ತಿದೆ."

ಬಸವನಹುಳುವಿಗೆ ಬಿದ್ದದ್ದು ಒಂದೇ ಮತ. ಕಪ್ಪೆಯ ಮೆರವಣಿಗೆ ಹೊರಡುವಾಗ ಮೋಡ ಕವಿಯಿತು. ಇರುವೆ ಈ ವರ್ಷದ ಮೊಟ್ಟೆ ಕಚ್ಚಿಕೊಂಡು, ಗೆರೆ ಹಿಡಿದು ಮರ ಹತ್ತತೊಡಗಿತು.

ಜೈಕಾರ ಕೂಗಿ ಗಂಟಲು ಕಟ್ಟಿದ್ದ ಗೊದ್ದದ ಇರುವೆಯೊಂದು, ತನ್ನ ಮೊಟ್ಟೆಯನ್ನು ಬುಡದಲ್ಲಿಳಿಸಿ ಮೆಲ್ಲಗೆ ಕೇಳಿತು: "ಅಕ್ಕಾ, ಈ ಗೆರೆ ಎಲ್ಲಿಯವರೆಗೆ ಹೋಗುತ್ತದೆ?"