ಬಾಗಿಲ ಸಂದಿಯ ತಂತಿ

"ಗುರುಗಳೇ, ಈ ದೇಹವೇ ಬಾಡಿಗೆ ಮನೆ ಎಂದಿರಿ. ಹಾಗಿದ್ದ ಮೇಲೆ ಯಾರನ್ನೂ ಹಚ್ಚಿಕೊಳ್ಳದೆ, ಯಾವುದಕ್ಕೂ ಕೈಹಾಕದೆ, ಒಂದು ಗುರುತೂ ಉಳಿಸದೆ ಹೋಗಿಬಿಡುವುದೇ ಒಳ್ಳೆಯದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಆಗಷ್ಟೇ ದೂರದ ಊರಿನಿಂದ ಬಂದು ಕೂತಿದ್ದರು. ವಾದ ಮಾಡುವಷ್ಟು ತ್ರಾಣವಿರಲಿಲ್ಲ. ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಹೆಂಗಸಿದ್ದಳು. ಆಸ್ಪತ್ರೆಯ ವೈದ್ಯರು ಬಾಯಲ್ಲಿ ಹೇಳಿದ ವರದಿಗಳನ್ನು ಮನೆಯಲ್ಲೇ ಟೈಪ್ ಮಾಡಿ ಇಂಟರ್‌ನೆಟ್ಟಿನಲ್ಲಿ ಕಳಿಸುವುದು ಅವಳ ಕಸುಬು. ಅನ್ನ ಅದರಿಂದಲೇ. ಊರೂರು ಸುತ್ತಿದವಳು, ಎಷ್ಟೋ ಬಾಡಿಗೆ ಮನೆ ಕಂಡವಳು. ಹೋದಲ್ಲೆಲ್ಲ ಮಾಲೀಕರ ಮೊದಲ ಮಾತು ಒಂದೇ: ಗೋಡೆಗೆ ಮೊಳೆ ಹೊಡೆಯಬಾರದು. ಕೇಳಿ ಕೇಳಿ ಆ ಮಾತು ಅವಳದ್ದೇ ಆಗಿಬಿಟ್ಟಿತ್ತು. ಅವಳ ಕ್ಯಾಲೆಂಡರ್ ಕುರ್ಚಿಯ ಮೇಲೆ ಕೂರುತ್ತಿತ್ತು. ಕನ್ನಡಿ ನೆಲದಲ್ಲಿ ಗೋಡೆಗೆ ಒರಗಿರುತ್ತಿತ್ತು. ಮುಖ ನೋಡಿಕೊಳ್ಳಲು ಅವಳೇ ಬಗ್ಗುತ್ತಿದ್ದಳು.

ಹೊಸ ಮನೆಗೆ ಇಂಟರ್‌ನೆಟ್ ಹಾಕುವವನು ಬಂದ. ಅವಳದು ಮೇಜಿನ ಮೇಲಿಡುವ ಹಳೆಯ ಕಂಪ್ಯೂಟರ್. ತಂತಿ ಅದರ ಬೆನ್ನಿಗೇ ಬಂದು ಸೇರಬೇಕು. ಅವನು ಡ್ರಿಲ್ ಎತ್ತಿಕೊಂಡ.

"ಬೇಡಪ್ಪ, ಬೇಡ. ಬಾಗಿಲ ಕೆಳಗಿಂದ ತಾ."

"ದಿನಾ ಬಾಗಿಲಿಗೆ ಸಿಕ್ಕಿ ತಂತಿ ಸಾಯುತ್ತೆ ಅಕ್ಕ. ಓನರ್ ಕೆಳಗೇ ಇದ್ದಾರಲ್ಲ, ಒಂದು ಮಾತು ಕೇಳಿ."

"ಕೇಳಿ ಯಾಕೆ ಅನ್ನಿಸಿಕೊಳ್ಳಲಿ? ಇವತ್ತಲ್ಲ ನಾಳೆ ಬಿಡೋ ಮನೆ."

ತಂತಿ ಬಾಗಿಲ ಸಂದಿಯಿಂದಲೇ ಬಂತು. ಬಾಗಿಲು ಹಾಕಿದಾಗಲೆಲ್ಲ ಜಜ್ಜಿಹೋಯಿತು, ಆಗಾಗ ತುಂಡಾಯಿತು. ಅವನು ಬರುತ್ತಿದ್ದ, ಬೆಸೆಯುತ್ತಿದ್ದ, ಹೋಗುತ್ತಿದ್ದ. ಅವಳು ಬಾಗಿಲನ್ನು ಅರ್ಧ ತೆರೆದಿಟ್ಟು ಕೆಲಸ ಮಾಡಿದಳು. ಬೀದಿಯ ಬೆಕ್ಕು ಒಳಗೆ ಬಂದು ಅವಳಿಗಿಂತ ನಿರಾಳವಾಗಿ ಕಾಲು ಚಾಚಿತು. ಆಸ್ಪತ್ರೆಯವರು ಎಚ್ಚರಿಸಿದರು: ಇನ್ನೊಮ್ಮೆ ವರದಿ ತಡವಾದರೆ ಕೆಲಸ ಬೇರೆಯವರಿಗೆ. ಆಗಲೂ ಅವಳು ಮೆಟ್ಟಿಲಿಳಿದು ಕೇಳಲಿಲ್ಲ. ಬಾಗಿಲ ಅಂಚಿಗೆ ಗೋಣಿತಾಟು ಕಟ್ಟಿದಳು.

ಒಂದು ಬೆಳಿಗ್ಗೆ ಗಾಳಿಗೆ ಬಾಗಿಲು ಬಡಿದು ತಂತಿ ತುಂಡಾಯಿತು. ಆಪರೇಷನ್ನಿಗೆ ಕಾದಿದ್ದ ಯಾರದೋ ವರದಿ ಅರ್ಧಕ್ಕೆ ನಿಂತಿತು. ಕೆಲಸ ಹೋಯಿತು. ಬಾಡಿಗೆ ಹುಟ್ಟದೆ ಮನೆಯನ್ನೂ ಬಿಡಬೇಕಾಯಿತು.

ಬೀಗದ ಕೈ ಪಡೆಯಲು ಮಾಲೀಕ ಮೇಲೆ ಬಂದ. ಗೋಡೆಯ ಮೇಲೆಲ್ಲ ಕೈಯಾಡಿಸಿದ.

"ಒಂದು ಗುರುತಿಲ್ಲವಲ್ಲಮ್ಮ! ನಿಮಗಿಂತ ಮುಂಚೆ ಇದ್ದ ಭೂಪರು ತೂತಿಗೆಲ್ಲ ಟೂತ್‌ಪೇಸ್ಟ್ ಮೆತ್ತಿ ಹೋಗಿದ್ದರು."

"ನನಗೂ ಒಂದು ತೂತು ಬೇಕಿತ್ತು," ಎಂದಳು ಅವಳು.

"ಮಾಡಿಸಿಕೊಳ್ಳಬಾರದಿತ್ತೇ? ಮೊಳೆ ಹೊಡೀಬೇಡಿ ಅನ್ನೋದು ಎಲ್ಲರಿಗೂ ಹೇಳೋ ಮಾತು. ಹೇಗೂ ಈ ಗೋಡೆ ಕೆಡವಿ ಹಾಲ್ ದೊಡ್ಡದು ಮಾಡಿಸ್ತಿದ್ದೀನಿ."

ಇಷ್ಟು ಹೇಳಿ ಗುರುಗಳು ಕಣ್ಣು ಮುಚ್ಚಿಕೊಂಡರು.

"ಹಾಗಾದರೆ ಅವಳು ಗೋಡೆ ಕೊರೆಸಬೇಕಿತ್ತು ಅನ್ನುತ್ತೀರಾ?" ಎಂದ ಶಿಷ್ಯ.

ಗುರುಗಳು ಕಣ್ಣು ತೆರೆಯಲಿಲ್ಲ. "ಈ ದೇಹಕ್ಕೆ ಬಾಡಿಗೆ ಎಂದು ಆಯುಸ್ಸನ್ನಂತೂ ದಿನಾ ಕೊಡುತ್ತಿದ್ದೀಯ, ವಾಸಕ್ಕೆ ಬರುವುದು ಯಾವಾಗ?"