ಮಡಿಲಕ್ಕಿ ಬಂಡೆ

ಮುಗಳಿಯ ಅಳಿವೆಯಲ್ಲಿ, ಹೊಳೆ ಕಡಲನ್ನು ಸೇರುವ ಕಡೆ, ಮಲಗಿದ ಎಮ್ಮೆಯಂತೆ ಒಂದು ಕರಿಬಂಡೆ ಇದೆ. ನೀರು ಇಳಿದಾಗ ಅದರ ಮೈಗೆ ಹತ್ತಿಕೊಂಡ ಬಿಳಿ ಚಿಪ್ಪುಗಳು ಯಾರೋ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತವೆ. ಊರವರು ಇದನ್ನು ಮಡಿಲಕ್ಕಿ ಬಂಡೆ ಎನ್ನುತ್ತಾರೆ. ಹೊರಗಿನಿಂದ ಬಂದವರು ಮದುವೆಯ ಕಥೆ ಇರಬೇಕೆಂದು ನಗುತ್ತ ಕೇಳುತ್ತಾರೆ. ಕೇಳಿ ಮುಗಿಸಿದಾಗ ಯಾರೂ ನಗುವುದಿಲ್ಲ.

ಹಿಂದೆ ಒಮ್ಮೆ ಇದು ಯುದ್ಧದ ಹಡಗು ಕಟ್ಟುವ ಆಚಾರಿಗಳ ಊರಾಗಿತ್ತು. ಹಡಗು ನೀರಿಗಿಳಿಯುವ ದಿನ, ಅದನ್ನು ಕಟ್ಟಿದವನ ಹೆಂಡತಿ ಒಳಗಿಳಿದು, ಹಾಯಿ ಕಟ್ಟುವ ಕೂವೆಮರದ ಬುಡದಲ್ಲಿ ಅಕ್ಕಿ, ಕಾಯಿ, ಅರಿಸಿನ ಇಟ್ಟು, ಮಗಳಿಗೆ ಮಾಡುವಂತೆಯೇ ಮಡಿಲು ತುಂಬುತ್ತಿದ್ದಳು. ಮಂಜಾಚಾರಿ ಕಟ್ಟಿದ ‘ಕಡಲಗೌರಿ’ಗೆ ಹಾಗೆ ಮಡಿಲು ತುಂಬಿದವಳು ಅವನ ಹೆಂಡತಿ ತುಂಗಕ್ಕ. ಅವಳಿಗೆ ಬೇರೆ ಮಕ್ಕಳಿರಲಿಲ್ಲ. ಒಂಬತ್ತು ವರ್ಷ ಕಡಲಗೌರಿ ಇಲ್ಲಿಯ ಅರಸರ ಬಾವುಟ ಹೊತ್ತು, ಅಕ್ಕಿ ಸಾಗಿಸುವ ದೋಣಿಗಳನ್ನು ಕಡಲುಗಳ್ಳರಿಂದ ಕಾಯಿತು. ಆಮೇಲೆ ಸಂಧಿಯಾಗಿ, ಅರಸರು ಅದನ್ನು ಉತ್ತರದ ದೊರೆಯ ನೌಕಾಪಡೆಗೆ ಕೊಟ್ಟುಬಿಟ್ಟರು. ಕೊಟ್ಟ ಮನೆಗೆ ಹೋದಳು ಎಂದು ತುಂಗಕ್ಕ ಸಮಾಧಾನ ಮಾಡಿಕೊಂಡಳು.

ಮೂರು ವರ್ಷ ಕಳೆದು ಒಂದು ಬೆಳಿಗ್ಗೆ ಕಡಲಗೌರಿ ಅಳಿವೆಯ ಎದುರು ಕಾಣಿಸಿತು. ಬಾವುಟ ಬೇರೆ, ಮೂತಿಯ ಕೆತ್ತನೆ ಮಾತ್ರ ಮಂಜಾಚಾರಿಯ ಕೈಯದೇ. “ಏ ಸೇಸಿ, ಬಾರೇ! ನಮ್ಮ ಹುಡುಗಿ ತವರಿಗೆ ಬಂದಳು!” ಎಂದು ಪಕ್ಕದ ಮನೆಯ ಸೊಸೆಯನ್ನು ಕೂಗಿ, ತುಂಗಕ್ಕ ಆರತಿ ತಟ್ಟೆ ಹಿಡಿದು ಓಡಿದಳು. ಹಿಂದೆಯೇ ಊರ ಹೆಂಗಸರೆಲ್ಲ ಓಡಿದರು. ದಡದಲ್ಲಿ ನಿಂತು ಶೋಭಾನೆ ಹಾಡುತ್ತಿದ್ದಾಗ ಹಡಗಿನಿಂದ ಫಿರಂಗಿ ಹಾರಿತು. ಹಾಡಿನ ಸಾಲು ಬಾಯಲ್ಲಿರುವಾಗಲೇ ಸೇಸಿ ಇಲ್ಲವಾದಳು. ತುಂಗಕ್ಕನ ಕೈಯ ತಟ್ಟೆ ಬೀಳಲಿಲ್ಲ, ದೀಪವೂ ಆರಲಿಲ್ಲ. ಅದನ್ನು ಎಲ್ಲಿ ಇಡಬೇಕೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಸಂಧಿ ಮುರಿದಿದೆ, ಇಳಿಹೊತ್ತಿನೊಳಗೆ ಆಚಾರಿಗಳೆಲ್ಲ ಹಡಗು ಹತ್ತಬೇಕು, ತಮ್ಮ ದೊರೆಗೆ ಇಂಥವೇ ಹಡಗು ಕಟ್ಟಿಕೊಡಬೇಕು, ಇಲ್ಲವಾದರೆ ಊರು ಸುಡುತ್ತೇವೆ ಎಂದು ಹಡಗಿನ ನಾಯಕ ಹೇಳಿಕಳಿಸಿದ. ಮಂಜಾಚಾರಿ ಉಳಿಯ ಚೀಲ ಕಟ್ಟತೊಡಗಿದ. ಹಡಗನ್ನು ದಡಕ್ಕೆ ಎಳೆದಾಗ ಒಳನೀರು ಬಸಿದುಹೋಗಲೆಂದು ಅಡಿಯಲ್ಲಿ ಒಂದು ತೂತು ಬಿಟ್ಟು ಬೆಣೆ ಬಡಿದಿರುತ್ತಾರೆ. “ಅವಳ ಬೆಣೆ ಎಲ್ಲುಂಟು, ಹೇಳಿ,” ಎಂದಳು ತುಂಗಕ್ಕ.

“ನೀನು ಮಡಿಲಕ್ಕಿ ಇಟ್ಟಲ್ಲೇ ಉಂಟಲ್ಲ,” ಎಂದವನು ಹೆಂಡತಿಯ ಮುಖ ನೋಡಿ ಚೀಲ ಕೈಬಿಟ್ಟ.

ಅವಳು ಅಕ್ಕಿಯ ಮೂಟೆಯೊಡನೆ ದೋಣಿಯಲ್ಲಿ ಹೋಗಿ, “ಮಗಳನ್ನು ಬರಿಮಡಿಲಲ್ಲಿ ಕಳಿಸುವುದುಂಟೇ?” ಎಂದು ಕೂಗಿದಳಂತೆ. ನಾಯಕ ನಕ್ಕು, “ಬನ್ನಿ ಅತ್ತೆ, ನಿಮ್ಮ ಅಳಿಯ ನಾನೇ!” ಎಂದು ಏಣಿ ಇಳಿಸಿದ. ಒಳಗೆ ಅವಳು ಬೆಣೆ ಕಿತ್ತು, ನೀರು ಉಕ್ಕುವ ಸದ್ದು ಕೇಳದಂತೆ ಅದರ ಮೇಲೆ ಅಕ್ಕಿ ಸುರಿದು, ಅರಿಸಿನ ಹಚ್ಚಿ ಮೇಲೆ ಬಂದು, ದೋಣಿಯಲ್ಲಿ ದಡಕ್ಕೆ ಮರಳಿದಳು. ಇಳಿಹೊತ್ತಿಗೆ ಆಚಾರಿಗಳನ್ನು ಹತ್ತಿಸಿಕೊಳ್ಳಲು ದಡದತ್ತ ತಿರುಗಿದ ಹಡಗು ಒಳತುಂಬಿದ ನೀರಿನ ಭಾರಕ್ಕೆ ಚುಕ್ಕಾಣಿ ಕೇಳದೆ ಈ ಬಂಡೆಗೆ ಬಡಿದು ಎರಡು ಹೋಳಾಯಿತು. ದಡದಲ್ಲಿ ಯಾರೂ ಜಯಕಾರ ಹಾಕಲಿಲ್ಲ. ತುಂಗಕ್ಕ ಸೆರಗಿಗೆ ಅಂಟಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಿದ್ದಳು ಎನ್ನುತ್ತಾರೆ.

ಬಂಡೆಯ ಬಿಳಿ ಚಿಪ್ಪುಗಳು ಆ ಅಕ್ಕಿಯೇ ಎಂಬುದು ಊರಿನ ನಂಬಿಕೆ. ಮುಗಳಿಯ ತಾಯಂದಿರು ಇಂದಿಗೂ ತವರಿಗೆ ಬಂದ ಮಗಳ ಎದುರು ಆರತಿ ಹಿಡಿದು ಓಡುವುದಿಲ್ಲ. ಮಗಳು ಅಂಗಳದಲ್ಲೇ ನಿಂತು “ಅಮ್ಮಾ, ನಾನು” ಎಂದು ಕರೆಯಬೇಕು. ಅಲ್ಲಿಯವರೆಗೆ ತಾಯಿ ಹೊಸಿಲ ಒಳಗೆ, ಹಚ್ಚದ ದೀಪ ಹಿಡಿದು ನಿಂತಿರುವುದನ್ನು ಬಂದವರು ಕಾಣಬಹುದು.