ಕೆಸರಿನ ಮೇಲೆ ಹಾಸಿದ ಬಟ್ಟೆ

ಮಠದಿಂದ ಹೊಳೆಗೆ ಇಳಿಯುವ ದಾರಿ ಬರೀ ಜೌಗು. ವರ್ಷಾ ವರ್ಷಾ ಜಲ್ಲಿ ಸುರಿದರೂ ಕೆಸರು ನುಂಗಿ ನೀರು ಕುಡಿಯುತ್ತಿತ್ತು.

ಈ ಸಲ ರಸ್ತೆ ಕೆಲಸದ ಭಕ್ತರೊಬ್ಬರು ಆರು ತುಂಡು ದಪ್ಪ ಕರಿ ಬಟ್ಟೆ ಕಳಿಸಿದರು. ಜಿಯೋಟೆಕ್ಸ್‌ಟೈಲ್ ಅಂತೆ. ಕೆಸರಿನ ಮೇಲೆ ಅದನ್ನು ಹಾಸಿ, ಮೇಲೆ ಜಲ್ಲಿ ಹಾಕಬೇಕು. ನೀರು ಬಸಿದುಹೋಗುತ್ತದೆ, ಕೆಸರು ಮೇಲೇಳುವುದಿಲ್ಲ.

“ತುಂಡು ತುಂಡು ಸೇರುವ ಕಡೆ ಒಂದರ ಮೇಲೊಂದು ಒಂದೂವರೆ ಮೊಳ ಬರಲಿ” ಎಂದೂ ಹೇಳಿ ಕಳಿಸಿದ್ದರು.

ಶಿಷ್ಯ ಮರುಳಸಿದ್ಧನಿಗೆ ಅದು ದಂಡ ಅನ್ನಿಸಿತು. ಅಂಚಿಗೆ ಅಂಚು ತಾಗಿಸಿ ಹಾಸಿ ಜಲ್ಲಿ ಸುರಿದ. ಬಟ್ಟೆ ಹೊಳೆಯವರೆಗೂ ಬಂತು.

ಪಾಪ, ಅವನ ಆತುರ ಅವನಿಗೆ. ಬರುವ ಸೋಮವಾರ ಮಠದ ಗದ್ದುಗೆ ಅವನದು. ಗುರು ಹಾಲಯ್ಯನವರು ಅಂದೇ ಬೆಟ್ಟದ ಗವಿಗೆ ಹೊರಡುವವರು. ಅಷ್ಟರೊಳಗೆ ಅವರ ಕಾಲಿಗೆ ಕೆಸರು ತಾಗದ ದಾರಿ ಮಾಡಿಕೊಡಬೇಕೆಂದು ಅವನಿಗೆ ಆಸೆ.

ಎರಡು ಮಳೆ ಬಂತು, ಅಂಚುಗಳು ಬಿಟ್ಟುಕೊಂಡವು. ಸ್ನಾನಕ್ಕೆ ಹೊರಟ ಹಾಲಯ್ಯನವರ ಕಾಲು ಎರಡನೇ ಸೇರುವೆಯಲ್ಲಿ ಮೊಣಕಾಲುದ್ದ ಹೂತುಹೋಯಿತು.

“ಅಯ್ಯಯ್ಯೋ, ಬುದ್ಧೀ!” ಹಿಂದೆ ಬರುತ್ತಿದ್ದ ಮರುಳಸಿದ್ಧ ಓಡಿಬಂದ.

“ಗಟ್ಟಿಯಾಗಿ ಹಿಡಿಯೋ ಮಾರಾಯ. ಗದ್ದುಗೆ ಏರೋಕೆ ಮುಂಚೆ ನನ್ನ ಸಮಾಧಿ ಮಾಡಿಬಿಟ್ಟೀಯ!”

ಗುರುಗಳು ನಕ್ಕರು. ಶಿಷ್ಯನಿಗೆ ಅಳು ಬಂತು.

“ಒಂದು ಬಟ್ಟೆ ನೆಟ್ಟಗೆ ಹಾಸೋಕೆ ಬರದವನು ಮಠ ನಡೆಸ್ತೀನಾ ಬುದ್ಧಿ? ನನಗೆ ಗದ್ದುಗೆ ಬೇಡ.”

“ಆ ಅಂಚು ಹಿಡಿ” ಎಂದರು ಹಾಲಯ್ಯನವರು, ಕಾವಿ ಎತ್ತಿ ಕಟ್ಟಿಕೊಳ್ಳುತ್ತಾ.

ಸಂಜೆಯವರೆಗೂ ಇಬ್ಬರೂ ಜಲ್ಲಿ ಎಳೆದರು, ಬಟ್ಟೆ ಬಿಚ್ಚಿದರು, ಒಂದರ ಮೇಲೊಂದು ಒಂದೂವರೆ ಮೊಳ ಹಾಯಿಸಿ ಮತ್ತೆ ಹಾಸಿದರು. ಕೊನೆಗೆ ಬಟ್ಟೆ ಹೊಳೆಗೆ ಎರಡು ಮಾರು ಇರುವಾಗಲೇ ಮುಗಿಯಿತು.

“ಸಾಲಲಿಲ್ಲ ಬುದ್ಧಿ.”

“ಸಾಲದಿದ್ದರೆ ಬಿಡು. ಎರಡು ಮಾರು ಕೆಸರು ತುಳಿದರೆ ಯಾರಪ್ಪನ ಗಂಟೂ ಹೋಗಲ್ಲ.”

ಮರುಳಸಿದ್ಧ ಏಳಲಿಲ್ಲ. ಜಲ್ಲಿ ಮೇಲೆ ಕೂತೇ ಇದ್ದ.

“ಇವತ್ತು ತಪ್ಪಿದೆ, ನೀವಿದ್ರಿ. ಸೋಮವಾರ ನೀವು ಹೊರಟುಹೋಗ್ತೀರಿ. ಆಮೇಲೆ ತಪ್ಪಿದರೆ ಯಾರನ್ನ ಕೇಳಲಿ? ನನಗೆ ಭಯ ಆಗುತ್ತೆ ಬುದ್ಧಿ.”

ಹಾಲಯ್ಯನವರು ಅವನ ಪಕ್ಕದಲ್ಲೇ ಕುಕ್ಕರಿಸಿದರು. ಆಮೇಲೆ ಕೆಸರುಗೈಯಲ್ಲೇ ಅವನ ತಲೆ ಸವರಿದರು.

“ಗವಿ ಎಲ್ಲಿಗೂ ಓಡಿಹೋಗಲ್ಲ ಕಣೋ. ಸೋಮವಾರ ಗದ್ದುಗೆ ಮೇಲೆ ನೀನು ಕೂತ್ಕೋ. ಒಂದೂವರೆ ವರ್ಷ ನಾನು ಇಲ್ಲೇ ಕೆಳಗಿರ್ತೀನಿ.”